ಕೈಮದ್ದು

ಅಮ್ಮನ ಲೆಕ್ಕದಲ್ಲಿ ಯಾರೋ ನನಗೆ ಕೈಮದ್ದು ಹಾಕಿದ್ದು,
ಮದುವೆಯ ಊಟದಲ್ಲಿಯೋ, ಮಂಜೇಶ್ವರ ಬಂದರಿನ ಚಹಾದಲ್ಲಿಯೋ.
ಪೆರ್ಲದ ಆಚೆ ಒಬ್ಬಳ ಅಂಗಳದಲ್ಲಿ ಕೂರಿಸಿ
ಸೊಪ್ಪಿನ ರಸ ಕುಡಿಸಿ ಕಾರಿಸಿದರು.
ಬೋಗುಣಿಗೆ ಬಿದ್ದದ್ದನ್ನು ಕಡ್ಡಿಯಲ್ಲಿ ಕೆದಕಿ
"ಇಗೋ, ಕೂದಲು" ಅಂದಳು ಆಕೆ.
ಅಮ್ಮ ಐನೂರು ಕೊಟ್ಟು ಕೈಮುಗಿದಳು.
ಅದೇ ಸಂಜೆ ಬಾವಿಕಟ್ಟೆಯ ಹಿಂದೆ ಕೂತು
ನಾನು ತೋಳಿಗೆ ದಾರ ಬಿಗಿದೆ.

ಹಾಕಿದ್ದು ನಿಜ. ಹಾಕಿದ ಕೈ ನನ್ನದೇ.

ಮೊದಲು ಸೊಂಟದ ನೋವಿಗೆ,
ಐಸಿನ ಪೆಟ್ಟಿಗೆ ಹೊತ್ತು ಜಾರಿಬಿದ್ದ ವರ್ಷ,
ದೊಡ್ಡ ಡಾಕ್ಟರರೇ ಬರೆದ ಸೂಜಿ.
ಆಮೇಲೆ ಚೀಟಿ ಕೇಳದ ಅಂಗಡಿ.
ಆಮೇಲೆ ಅಂಗಡಿಯೂ ಬೇಡದ ಓಣಿ.
ನೋವು ಯಾವಾಗ ಹೋಯಿತೋ ಗೊತ್ತಿಲ್ಲ,
ಹೇಳದೆ ಎದ್ದುಹೋದ ನೆಂಟನ ಹಾಗೆ;
ಅವನಿಗೆಂದು ಹಾಸಿದ ಚಾಪೆಯಲ್ಲಿ
ಬೇರೆ ಯಾರೋ ಮಲಗಿದ್ದ.

ಬಿಡಿಸಲು ತಲಪಾಡಿ ದಾಟಿ ಒಂದು ಜಾಗ.
ಹನ್ನೆರಡು ಸಾವಿರ ಮುಂಗಡ, ಕಿಟಕಿಗೆ ಸಲಾಕೆ,
ಬೆಳಿಗ್ಗೆ ಭಜನೆ, ರಾತ್ರಿ ಪೆಟ್ಟು.
ಇಪ್ಪತ್ತೊಂದನೆಯ ದಿನ ಹೊರಗೆ ಬಂದೆ.
ಮರುದಿನ ಹಳೆಯ ಅಳತೆಯನ್ನೇ ಹಾಕಿದೆ.
ಕೈಗೆ ನೆನಪಿತ್ತು, ಮೈ ಮರೆತಿತ್ತು.
ಕುಂಬಳೆ ಸ್ಟೇಷನ್ನಿನ ಕಲ್ಲುಬೆಂಚಿನಲ್ಲಿ ನೀಲಿಗಟ್ಟಿದವನ
ಬಾಯಿಗೆ ಬಾಯಿಟ್ಟು ಊದಿ ಎಬ್ಬಿಸಿದವನು ಝುಬೈರ್.
ಒಂದು ಕಾಲಕ್ಕೆ ಅವನೂ ನಮ್ಮವನೇ. ಈಗ
ಚೀಲದಲ್ಲಿ ಹೊಸ ಸಿರಿಂಜು ಹಾಕಿಕೊಂಡು ಹಳಿಯುದ್ದಕ್ಕೂ ತಿರುಗುತ್ತಾನೆ.
ಕಾರುಣ್ಯ ಲಾಟರಿಯ ಬಹುಮಾನ ಬಾರದ ಟಿಕೆಟಿನ ಬೆನ್ನಿಗೆ
ಬರೆದುಕೊಟ್ಟ: ಕಾಸರಗೋಡು. ಆಸ್ಪತ್ರೆ. ಹಿಂದಿನ ಬಾಗಿಲು. ಒಂಬತ್ತು ಗಂಟೆ.

ಬೋರ್ಡು ಮಲಯಾಳದಲ್ಲಿತ್ತು, ನನಗೆ ಓದಲು ಬಾರದು.
ಸಾಲು ನೋಡಿ ಗೊತ್ತಾಯಿತು:
ಎಪ್ರಿಲ್ ಬಿಸಿಲಿನಲ್ಲೂ ಉದ್ದ ತೋಳಿನ ಅಂಗಿಗಳು.

ಬಿನ್ಸಿ ಸಿಸ್ಟರ್ ಇರಿಟ್ಟಿಯ ಕಡೆಯವರು.
ರಿಜಿಸ್ಟರಿನಲ್ಲಿ ನನ್ನ ಹೆಸರಿಗೊಂದು ಬಾಲ ಹಚ್ಚಿದ್ದಾರೆ: ಪುರಂದರನ್.
ಮೆಥಡೋನ್, ಹೆಬ್ಬೆರಳುದ್ದದ ಲೋಟದಲ್ಲಿ.
ಅವರ ಎದುರೇ ಕುಡಿಯಬೇಕು. ಕುಡಿದು ಮಾತಾಡಬೇಕು.
ಬಾಯಲ್ಲೇ ಇಟ್ಟುಕೊಂಡು ಹೋಗಿ ಮಾರುವವರಿದ್ದಾರೆ.
ಮೊದಲ ದಿನ ನನಗೆ ಮಾತೇ ಹೊರಡಲಿಲ್ಲ.
"ಎಂದೆಂಗಿಲುಂ ಪರಯೂ" ಅಂದರು.
"ಬೂತಾಯಿ ಕಿಲೋಗೆ ನೂರ ನಲವತ್ತು" ಅಂದೆ.
ಸಿಸ್ಟರ್ ನಕ್ಕರು. ಅಂದಿನಿಂದ ದಿನಾ ಅದೇ:
ಬಂಗುಡೆ ಇಷ್ಟು, ಅಂಜಲ್ ಅಷ್ಟು, ನಂಗ್ ಬಂದಿಲ್ಲ.
ನುಂಗಿದ್ದಕ್ಕೆ ಮೀನಿನ ದರ ಸಾಕ್ಷಿ.

"ಒಂದು ಬಿಟ್ಟ, ಇನ್ನೊಂದು ಹಿಡಿದ" ಅನ್ನುತ್ತಾರೆ ಬಂದರಿನಲ್ಲಿ.
ಇರಬಹುದು. ನಾನು ವಾದಕ್ಕೆ ಹೋಗುವುದಿಲ್ಲ.
ಪ್ಯಾಸೆಂಜರ್ ರೈಲಿನ ಕಂಬಿ ಹಿಡಿದಿದ್ದೇನೆ.
ತಂಗಿಯ ಕೂಸನ್ನು ಹಿಡಿದಿದ್ದೇನೆ, ಕೈ ನಡುಗದೆ.
ಬೆವರು ಉಂಟು, ಹೊಟ್ಟೆ ಕಟ್ಟುವುದುಂಟು,
ಅದನ್ನೂ ಹೇಳಬೇಕು.
ಝುಬೈರ್ ಕರೆತಂದ ಐವರಲ್ಲಿ ಇಬ್ಬರು ಈಗ ಬರುವುದಿಲ್ಲ.
ಒಬ್ಬ ಎಲ್ಲಿದ್ದಾನೆಂದು ಗೊತ್ತು.

ಮೊನ್ನೆ ಅಮ್ಮ ಜೊತೆಗೆ ಬಂದಳು.
ಖಾಲಿ ಲೋಟ ಎತ್ತಿ ಮೂಸಿದಳು,
ಅಂದು ಬೋಗುಣಿಗೆ ಬಗ್ಗಿದ ಹಾಗೆಯೇ ಬಗ್ಗಿ.
"ಎಷ್ಟು ಕಾಲ ಇದು?" ತುಳುವಿನಲ್ಲಿ ಕೇಳಿದಳು.
ಸಿಸ್ಟರಿಗೆ ತುಳು ಬಾರದು.
ನನ್ನ ಅರೆಬರೆ ಮಲಯಾಳದಲ್ಲಿ ದಾಟಿಸಿದೆ.
ಉತ್ತರ ಬಂತು. ಅದನ್ನು ತಿರುಗಿ ಅಮ್ಮನಿಗೆ ದಾಟಿಸುವಾಗ
ಸ್ವಲ್ಪ ಕಡಿಮೆ ಮಾಡಿ ಹೇಳಿದೆ.

ಇವತ್ತು ನಡುರಾತ್ರಿಯಿಂದ ಟ್ರಾಲಿಂಗ್ ನಿಷೇಧ.
ಐವತ್ತೆರಡು ದಿನ ಬೋಟು ಇಳಿಯುವುದಿಲ್ಲ,
ನಮ್ಮ ಕಟ್ಟೆಯಲ್ಲಿ ದರ ಕೂಗುವವರಿಲ್ಲ.
ಬಾಯಿ ತೆರೆದು ಏನಾದರೂ ಹೇಳಲೇಬೇಕಲ್ಲ.
ಉಪ್ಪಳ ದಾಟುವಾಗಿನಿಂದ
ನಾಳೆಯ ಮಾತು ಹುಡುಕುತ್ತಿದ್ದೇನೆ.