ಕಾಲು ಭಾಗ

ಲಪ್ಪೇನ್‌ರಾಂತಾ, ಡಿಸೆಂಬರ್. ಮೂರೂವರೆಗೇ ಕತ್ತಲು.
ಸೈಮಾ ಸರೋವರ ತುಟಿ ಹೊಲಿದುಕೊಂಡು ಮಲಗಿದೆ.
ಶೆಡ್ಡಿನೊಳಗೆ ಮೂರಾಳೆತ್ತರದ ಗಾಜಿನ ಕೊಳವೆ:
ಒಂದು ಕಾಲಲ್ಲಿ ಇಳಿದು
ಇನ್ನೊಂದರಲ್ಲಿ ಏರುವ ನೀರು.
ಪಂಪಿಲ್ಲ.
ತಣ್ಣಗಿದ್ದದ್ದು ಭಾರ, ಕಾದದ್ದು ಹಗುರ,
ತಿರುಗಲಿಕ್ಕೆ ಅಷ್ಟು ಸಾಕು
ಅನ್ನುತ್ತದೆ ಪುಸ್ತಕ.

ಮೂಲೆಯ ಒಲೆಯ ಮೇಲೆ ತೌನೊ ಇಟ್ಟ ಕಾಫಿ ಪಾತ್ರೆ.
ಮೂವತ್ತೊಂದು ವರ್ಷದಿಂದ ಅದೇ ಮಸಿ, ಅದೇ ತೌನೊ.
ಏನಾದರೂ ಕೇಳಿದರೆ ಉತ್ತರ ಬಂದೇ ಬರುತ್ತದೆ,
ಈಗಲ್ಲ.
"ಕೆಳಗಿನ ಕವಾಟ ಎಷ್ಟು ತೆರೆಯಲಿ?" ಅಂದೆ.
ಅವನು ಕೈಗವಸು ಕಳಚಿದ,
ಸಕ್ಕರೆ ತುಂಡು ಹಲ್ಲಿನ ನಡುವೆ ಕಚ್ಚಿದ,
ಕಿಟಕಿಯಾಚೆಯ ಹಿಮ ನೋಡಿದ.
ನಾನು ಪೂರ್ತಿ ತೆರೆದೆ.

ಹದಿನೆಂಟು ಕಿಲೋವ್ಯಾಟ್. ಗುಳ್ಳೆ ಎಳ್ಳಿನಷ್ಟು.
ಇಪ್ಪತ್ತೆರಡು. ಗುಳ್ಳೆಗೆ ಗುಳ್ಳೆ ಕೂಡಿ ಸಾಲು.
ಇಪ್ಪತ್ತಾರು.
ನೀರು ನಿಂತಿತು. ನಿಜವಾಗಿ ನಿಂತಿತು:
ಗಾಜಿನೊಳಗೆ ಒಂದು ತುಕ್ಕಿನ ಚೂರು
ಎತ್ತ ಹೋಗಲಿ ಅಂತ ತೂಗುತ್ತಿತ್ತು.
ಆಮೇಲೆ ಕೊಳವೆ ಕೆಮ್ಮಿತು.
ಮೇಲಿನ ನೀರನ್ನೆಲ್ಲ ಎತ್ತಿ ಒಗೆಯಿತು ಉಗಿ,
ತಣ್ಣೀರು ಹಿಮ್ಮುಖವಾಗಿ ನುಗ್ಗಿ ಬಂತು,
ಮೌನ. ಹನ್ನೊಂದು ಸೆಕೆಂಡು.
ಮತ್ತೆ ಕೆಮ್ಮು.
ಪರದೆಯ ಗೆರೆಗೆ ಗರಗಸದ ಹಲ್ಲು ಮೂಡಿ
ಸ್ಟ್ಯಾಂಡಿನ ಬೋಲ್ಟುಗಳೆಲ್ಲ ಕಟಕಟ.

ಉರಿ ಇಳಿಸಿದೆ, ತಡವಾಗಿತ್ತು.
ಏರಿಸಿದೆ, ಅದೂ ತಡ.
ಕೆಳಗೆ ಕಾದ ಸುದ್ದಿ ಮೇಲೆ ಮುಟ್ಟುವಷ್ಟರಲ್ಲಿ
ಕೆಳಗೆ ಬೇರೆಯೇ ಸುದ್ದಿ.
ಚಿಮಣಿಯ ತುದಿ ಉತ್ತರಿಸುತ್ತಿದ್ದದ್ದು
ನಾನು ಆಗಲೇ ಹಿಂದಕ್ಕೆ ಪಡೆದ ಪ್ರಶ್ನೆಗೆ.
ಅದರ ತಡಕ್ಕೆ ನನ್ನ ಆತುರ ಗಂಟುಬಿದ್ದು
ಉಯ್ಯಾಲೆ, ಜೀಕಿದಷ್ಟೂ ಜೋರು.

ಆಗ ತೌನೊ ಬಾಯಿಬಿಟ್ಟ:
"ಕಾಲು ಭಾಗ."
ಏನು?
"ಕವಾಟ. ಕೇಳಿದೆಯಲ್ಲ."

ಕೆಳಬಾಯಿ ಬಿಗಿದೆ. ಹರಿವು ಕಮ್ಮಿಯಾಯಿತು, ಹೌದು.
ಗರಗಸದ ಹಲ್ಲು ಸವೆಯುತ್ತ ಸವೆಯುತ್ತ
ಮುದುಕನ ಸಹಿಯಷ್ಟೇ ನಡುಕ ಉಳಿಯಿತು.
ತುಕ್ಕಿನ ಚೂರು ಈಗ ಸುತ್ತು ಹಾಕುತ್ತಿದೆ,
ನಲವತ್ತು ಸೆಕೆಂಡಿಗೊಮ್ಮೆ ಕಣ್ಣೆದುರು ಹಾಯುತ್ತದೆ.

ದಾಖಲೆ ಪುಸ್ತಕದಲ್ಲಿ ಬರೆದೆ: ಶಾಖ, ಒತ್ತಡ, ಅವಧಿ.
"ಸಲಹೆ ಯಾರದ್ದು ಅನ್ನುವ ಕಡೆ
ನಿಮ್ಮ ಹೆಸರು ಹಾಕಲೇ?"
ಅವನು ಕಾಫಿ ಬಗ್ಗಿಸುವುದರಲ್ಲಿದ್ದ,
ಪುಡಿ ತಳಕ್ಕಿಳಿಯುವ ತನಕ ತಾಳಿ.
ಈ ಸಲ ಕಾದೆ.

ಫೆಬ್ರವರಿಗೆ ಅವನ ನಿವೃತ್ತಿ.
ಆ ಜಾಗ ಇನ್ನೂ ಖಾಲಿ ಬಿಟ್ಟಿದ್ದೇನೆ.