ಗಾಳಿಗೆ ಕೊಕ್ಕೆ

ಸುಲ್ತಾನ್‌ಪೇಟೆಯ ಈ ಓಣಿಯಲ್ಲಿ ಇಪ್ಪತ್ತಾರು ವರ್ಷ
ಸುಟ್ಟ ಮೋಟಾರುಗಳ ಕರುಳು ಕಿತ್ತು
ಹೊಸ ತಾಮ್ರ ಸುತ್ತಿದ್ದೇನೆ.
ಮಿಕ್ಸಿ, ಬೋರ್‌ವೆಲ್ಲು, ಹಿಟ್ಟಿನ ಗಿರಣಿ.
ಇಂಥದನ್ನು ಯಾರೂ ಕೇಳಿರಲಿಲ್ಲ:

"ಅಂಕಲ್, ಎರಡು ಸುರುಳಿ ಬೇಕು.
ಒಂದಕ್ಕೊಂದು ತಾಗಬಾರದು.
ಇಲ್ಲಿಂದ ಅಲ್ಲಿಗೆ ಕರೆಂಟು ಹಾರಬೇಕು."

ಪಾಲಿಟೆಕ್ನಿಕ್ಕಿನ ಹುಡುಗಿ, ಇಂಚರ.
ಬ್ಯಾಗಿನಲ್ಲಿ ಕೆಪಾಸಿಟರು, ಅರ್ಧ ತಿಂದ ಬನ್ನು.
ತಾಮ್ರದ ರೇಟು ಕೇಳಿ ಸ್ಟೂಲಿನ ಮೇಲೆ ಕೂತುಬಿಟ್ಟಳು,
ಮತ್ತೆ ಎದ್ದು "ಸುತ್ತಿ" ಅಂದಳು.

ಹದಿನೆಂಟು ಸುತ್ತು ಇದಕ್ಕೆ, ಹದಿನೆಂಟು ಅದಕ್ಕೆ.
ಎರಡಕ್ಕೂ ಶ್ರುತಿ ಕೂಡಬೇಕಂತೆ,
ತಂಬೂರಿಯ ತಂತಿಗಳ ಹಾಗೆ.
ಮೂರು ಸಂಜೆ ಕೂಡಲಿಲ್ಲ. ನಾಲ್ಕನೆಯ ಸಂಜೆ
ನಡುವೆ ಏನೂ ಇಲ್ಲದೆ
ಪುಟ್ಟ ಬಲ್ಬು ಕಣ್ಣು ಬಿಟ್ಟಿತು.

ಸುಳ್ಳು ಹೇಳಲ್ಲ, ನನ್ನ ಕೈ ನಡುಗಿತು.
ಆ ಖಾಲಿ ಜಾಗದಲ್ಲಿ ಬೆರಳಾಡಿಸಿ ನೋಡಿದೆ,
ಮೋಡಿಯವನ ಆಟದಲ್ಲಿ
ದಾರ ಹುಡುಕುವ ಹುಡುಗನ ಹಾಗೆ.

ಆಮೇಲೆ ಅಳತೆ.
ನಾಲ್ಕು ಬೆರಳು: ಉರಿಯುತ್ತದೆ.
ಗೇಣು: ಉರಿಯುತ್ತದೆ, ಸ್ವಲ್ಪ ಸಂಕೋಚದಿಂದ.
ಮೊಳ: ಬೀಡಿಯ ತುದಿ.
ಮಾರು ದೂರಕ್ಕೆ ಅವಳು ಸರಿದಾಗ
ನಮ್ಮಿಬ್ಬರ ನಡುವೆ ಬರೀ ಓಣಿಯ ಕತ್ತಲು.
ಹತ್ತಿರ ಬಂದರೂ ಎದುರಾಬದುರೇ ನಿಲ್ಲಬೇಕು,
ಚೂರು ಮುಖ ತಿರುಗಿಸಿದರೆ ಮುನಿಸು.

"ಮೊಳಕ್ಕೆ, ನೂರರಲ್ಲಿ ಹನ್ನೊಂದು"
ಅಂತ ನೋಟ್‌ಬುಕ್ಕಿನಲ್ಲಿ ಬರೆದಳು.
ಉಳಿದ ಎಂಬತ್ತೊಂಬತ್ತು
ಯಾರ ಮನೆಗೆ ಹೋಯಿತು?

ಟೀಗೆ ಬಂದ ಲೈನ್‌ಮನ್ ಮುನಿಯಲ್ಲಪ್ಪ
ಕಂಬ ಹತ್ತುವ ಬೆಲ್ಟು ಬಿಚ್ಚದೆ ನಿಂತು ನೋಡಿದ.
"ಹೊಳೇಲಿ ಹುಣಸೇಹಣ್ಣು ತೊಳೆದಂಗೆ" ಅಂದ.
ಆಮೇಲೆ ಲೋಟ ಬಾಯಿಗೆ ಒಯ್ಯದೆ, ನಿಜವಾದ ಚಿಂತೆಯಲ್ಲಿ:
"ತಂತಿಗೆ ಕೊಕ್ಕೆ ಹಾಕಿದೋರ್ನ ಹಿಡೀತೀನಿ.
ಗಾಳಿಗೆ ಕೊಕ್ಕೆ ಹಾಕಿದೋರ್ನ
ಎಲ್ಲಿ ಅಂತ ಹಿಡೀಲಮ್ಮ?
ಮೀಟರು ಯಾವ ಗೋಡೆಗೆ ಹೊಡೀಲಿ?"

ಇಂಚರ ನಗಲಿಲ್ಲ. ಅದನ್ನೂ ಬರೆದುಕೊಂಡಳು.
ಫೋನು ಹೀಗೇ ಚಾರ್ಜ್ ಆಗುತ್ತಲ್ಲ ಅಂದಳು.
ಎದೆಯೊಳಗೆ ಇಟ್ಟ ಯಂತ್ರಕ್ಕೆ
ಚರ್ಮದಾಚೆಯಿಂದ ತುತ್ತು ಕೊಡಬಹುದು, ಕೊಯ್ಯದೆ.
ಊರಿಗೆಲ್ಲ ಬಡಿಸಲಾಗದು ಅಂತ
ಬೆರಳಿನಷ್ಟು ದೂರಕ್ಕೂ ಬೇಡವಾ ಅಂಕಲ್?

ನನಗೇನು ಗೊತ್ತು. ಸುತ್ತು ಎಣಿಸುವುದು ಗೊತ್ತು.

ಮುನಿಯಲ್ಲಪ್ಪ ಹೊರಟ. ಕಾಟನ್‌ಪೇಟೆ ಕಡೆ ಫ್ಯೂಸು ಹೋಗಿತ್ತು,
ಏಣಿ ಹೊತ್ತು ತಂತಿಗಳ ಕೆಳಗೇ ನಡೆದ.
ಬಾಗಿಲು ಹಾಕುವ ಮುಂಚೆ
ಮೊಳೆಯ ಡಬ್ಬಿ ಎತ್ತಿಟ್ಟೆ.
ಬೆಚ್ಚಗಿತ್ತು.

ಸಂಜೆಯೆಲ್ಲ ಸುರುಳಿಯ ಪಕ್ಕ ಕೂತು
ಯಾರಿಗೂ ಹೇಳದೆ ಉಂಡಿತ್ತು
ಎಂಬತ್ತೊಂಬತ್ತರಲ್ಲಿ ತನ್ನ ಪಾಲು.

"ಸಿಕ್ಕಿದ ಒಬ್ಬ!" ಅಂತ ಕೂಗಿದೆ ಓಣಿಯುದ್ದಕ್ಕೂ.
ಅವನು ತಿರುವು ದಾಟಿಯಾಗಿತ್ತು.
ಇಂಚರ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದಳು,
ಒಂದು ಗಳಿಗೆ ಕಣ್ಣು ಮುಚ್ಚಿ.

"ಥರ್ಮಾಮೀಟರ್ ಇದೆಯಾ, ಅಂಕಲ್?"