ಒಂಬತ್ತನೇ ನಂಬರಿನ ಸೂಜಿ

ಕೌಲ್ ಬಜಾರಿನ ನಮ್ಮ ಓಣಿಗೆ
ಓಮ್ನಿ ಬರೋದೇ ಕಷ್ಟ.
ಬಂದರೂ ತಿರುಗಂಗಿಲ್ಲ, ಹಿಂದಕ್ಕೇ ಹೋಗಬೇಕು,
ಹೊನ್ನೂರ್‌ಬೀ ಮನಿ ಕಟ್ಟೆಗೆ ಒಂದು ಗೇಣು ಬಿಟ್ಟು.
ಅಂಥಾದ್ದರಾಗ ಶುಕ್ರವಾರ ಬೆಳಗ್ಗೆ
ಅಡ್ಡ ನಿಂತು ಕೆಮ್ಮಿತು. ಎರಡು ಸಲ.
ಆಮೇಲೆ ಅದೂ ಇಲ್ಲ.

ಹಿಂದಿನ ಸೀಟು ಕಿತ್ತ ಜಾಗದಾಗ
ಮುನ್ನೂರ ಅರವತ್ತು ಪ್ಯಾಂಟು, ಹನ್ನೆರಡರ ಕಟ್ಟು ಮೂವತ್ತು,
ಸಂಜಿಯೊಳಗ ವಾಷಿಂಗಿಗೆ ಮುಟ್ಟಬೇಕು.
ಹಾಲಿನ ಹುಡುಗ ಸೈಕಲ್ಲು ಹೆಗಲಿಗೇರಿಸಿ
ಬದಿಯಿಂದ ದಾಟಿಹೋದ. ಏನೂ ಅನ್ನಲಿಲ್ಲ.
ಅನ್ನದೇ ಹೋದದ್ದೇ ಚುಚ್ಚಿತು.

ಎರ್ರಿಸ್ವಾಮಿ ಲುಂಗಿ ಎತ್ತಿ ಕಟ್ಟಿದ.
ಮೆಕ್ಯಾನಿಕ್ಕಿಗೆ ಫೋನ್ ಹಚ್ಚು ಅಂದೆ.
"ಅವನು ಸೀಟು ಎತ್ತಿದರ ಐನೂರು, ಉಸ್ ಅಂದರ ಸಾವಿರ.
ನಂಗ ಗೊತ್ತೈತಿ, ಸುಮ್ಮನಿರು."

ಓಮ್ನಿಗೆ ಇಂಜಿನ್ನು ಕುಂಡಿ ಕೆಳಗೇ ಇರತೈತಿ.
ಆರು ವರ್ಷ ಅದರ ಮ್ಯಾಲೆ ಕುಂತು ತಿರುಗೀನಿ,
ಮುಖ ನೋಡಿದ್ದು ಇವತ್ತೇ.
ಕಪ್ಪಗ, ಜಿಡ್ಡು ಜಿಡ್ಡು, ರೊಟ್ಟಿ ಹಂಚಿನ ತಳದಂಗ.

ಪ್ಲಗ್ ಬಿಚ್ಚಿ ಹಲ್ಲುಜ್ಜೋ ಹಳೇ ಬ್ರಶ್ಶಿಲೆ ತಿಕ್ಕಿದ.
ಪ್ಲಗ್ ಹೊಳೀತು, ಅಷ್ಟೇ.
ಫೋನಿನಾಗ ಒಬ್ಬ ಹಿಂದಿಯೋನು ಏನೇನೋ ತೋರಿಸ್ತಿದ್ದ,
ಅವನ ಅಂಗೈ ಸ್ವಚ್ಛ, ಅವನ ನೆಲ ಸ್ವಚ್ಛ,
ಅವನ ಗಾಡಿ ಕೆಟ್ಟೇ ಇರಲಿಲ್ಲ.
ಎರ್ರಿಸ್ವಾಮಿ ಅವನನ್ನ ಬೋರಲು ಮಲಗಿಸಿದ.
"ಇಲ್ಲಿ ಹಿಡಿ ಅಂದರ ಅಲ್ಲಿ ಹಿಡೀತಿ" ಅಂದ ನನಗ.
ಹದಿನೆಂಟು ವರ್ಷದ ಸಂಸಾರ
ಒಂದು ಟಾರ್ಚಿನ ಬೆಳಕಿನಾಗ ಅಲುಗಾಡಿತು.

ಏರ್ ಫಿಲ್ಟರ್ ಕಲ್ಲಿಗೆ ಕುಟ್ಟಿದಾಗ ಸುರೀತು ನೋಡ್ರಿ
ಕುಂಕುಮದಂಥಾ ಧೂಳು, ಒಂದು ಪಾವು.
ಸಂಡೂರಿನ ಗುಡ್ಡ ಲಾರಿಯಿಂದ ಚೆಲ್ಲಿ
ಟಯರಿಗೆ ಎದ್ದು, ಪರ್ಮಿಟ್ಟಿಲ್ಲದೆ ಬಂದು
ನಮ್ಮ ಸೀಟಿನ ಕೆಳಗ ಕುಂತಿತ್ತು.
ಕಟ್ಟೆ ಮ್ಯಾಲಿಂದ ಹೊನ್ನೂರ್‌ಬೀ ಅಂದಳು:
"ಅಯ್ಯ, ಗಾಡಿಗಾದರ ಜಾಲರಿ ಐತಿ."
ಮೂಗು ಯಾರೂ ಮುಚ್ಚಿಕೊಳ್ಳಲಿಲ್ಲ.

ಕೀ ತಿರುವಿದ. ಮತ್ತ ಕೆಮ್ಮು.
ನಾನು ದಿನಾ ಹತ್ತು ತಾಸು
ಮೂರು ಮಷೀನಿನ ನಡುವೆ ಕೂಡೋಳು.
ದಾರ ಸಿಕ್ಕರ, ಬೆಲ್ಟು ಸಡಿಲಾದರ, ಎಣ್ಣಿ ತೀರಿದರ
ಕಣ್ಣು ಬ್ಯಾಡ ನಂಗ, ಕಿವಿ ಹೇಳತೈತಿ.
ಇದು ಒಣ ಕೆಮ್ಮು. ಹಸಿದದ್ದು.
"ಅದಕ್ಕ ಪೆಟ್ರೋಲ್ ಮುಟ್ಟವಲ್ದು" ಅಂದೆ.
ಅವನು ಕೇಳಿಸಿಕೊಳ್ಳದಂಗ ಕೇಳಿಸಿಕೊಂಡ.

ಕಾರ್ಬುರೇಟರ್ ಬಿಚ್ಚಿ ಊಟದ ತಟ್ಟೆಯಾಗಿಟ್ಟ.
ಮೂಗುಬೊಟ್ಟಿನಷ್ಟು ಒಂದು ಹಿತ್ತಾಳಿ ತುಣುಕು,
ನಡುವೆ ತೂತು ಐತಂತ, ಕಾಣಂಗಿಲ್ಲ.
ಬಾಯಿಲೆ ಊದಿದ. ಪಿನ್ನು ದಪ್ಪ ಆತು.
ಪೊರಕಿಕಡ್ಡಿ ಮುರೀತು.

ಒಳಗ ಹೋದೆ.
ಜೀನ್ಸಿಂದು ಇಪ್ಪತ್ತೊಂದನೇ ನಂಬರು, ಮೊಳೆಯಂಥಾದ್ದು,
ಅದರಿಂದ ಆಗಂಗಿಲ್ಲ.
ಪೌಡರ್ ಡಬ್ಬಿಯ ತಳದಾಗ
ಹಾಲಿನ ಪಾಕೀಟಿನ ಚೂರಿಗೆ ಸುತ್ತಿಟ್ಟದ್ದು, ಒಂಬತ್ತು.
ಈ ಜೀನ್ಸಿಗೂ ಮೊದಲು
ಓಣಿ ಹೆಂಗಸರ ಜಂಪರು ಹೊಲೀತಿದ್ದೆನಲ್ಲ,
ವಾಯಲ್ಲು, ರೇಷ್ಮಿ, ಒಬ್ಬೊಬ್ಬರ ಬೆನ್ನಿನ ಅಳತಿ ಬಾಯಿಪಾಠ,
ಆವಾಗಿಂದು. ತುಕ್ಕು ಹತ್ತಿರಲಿಲ್ಲ.

"ತಾ ಇಲ್ಲಿ" ಅಂದೆ. ಕೊಟ್ಟ.
"ಟಾರ್ಚ್ ಸರಿಯಾಗಿ ಹಿಡಿ" ಅಂದೆ.
ಹಿಡಿದ.

ದಾರ ಪೋಣಿಸೋ ಹಂಗ ಒಂದು ಕಣ್ಣು ಮುಚ್ಚಿ
ಮೆಲ್ಲಗ ಚುಚ್ಚಿ ತೆಗೆದೆ.
ಎಳ್ಳಿಗಿಂತ ಸಣ್ಣದು, ಕೆಂಪಂದು, ಅಂಗೈಯಾಗ ಬಿತ್ತು.
ಗಾಡಿ ತಡೆಯಾಕ ಇಷ್ಟೇ ಗುಡ್ಡ ಸಾಕಾಗಿತ್ತು.
ತೂತಿನ ಆಚೆ ಒಂದು ಚುಕ್ಕಿ ಆಕಾಶ.

ಎಲ್ಲಾ ಕೂಡಿಸಿದ ಮ್ಯಾಲೆ ಒಂದು ನಟ್ಟು ಉಳೀತು.
ಯಾವುದರದ್ದು ಅಂತ ಅವನು ಹೇಳಲಿಲ್ಲ,
ನಾನೂ ಕೇಳಲಿಲ್ಲ.
ಗಾಡಿ ನಡುಗಿ, ಒಂದು ಸಲ ಸೀನಿ, ಹೊತ್ತಿಕೊಂತು.
ಹಿಂದಕ್ಕ ಹೋಗೋವಾಗ
ಅವನ ಮುಖ ನನ್ನ ಕಡೆ ಇತ್ತು, ಕಣ್ಣು ಕನ್ನಡಿಯಾಗ.
ಓಣಿ ತುದಿಗೆ ಯಾರೋ ಏನಾಗಿತ್ತಪ್ಪ ಅಂದಿರಬೇಕು,
"ಏನಿಲ್ಲ, ಸಣ್ಣ ಕಸ, ತೆಗೆದೆ" ಅಂದದ್ದು
ಇಲ್ಲೀತನಕ ಕೇಳಿಸಿತು.

ದೊಡ್ಡ ಕಂಪನಿಯ ಹೆಸರು ಹೊಲಿದಿದ್ದ ಜೇಬಿನ ಚೂರಿಗೆ
ಕೈ ಒರೆಸಿಕೊಂಡೆ.
ಹೊನ್ನೂರ್‌ಬೀ ಕಟ್ಟೆ ಇಳಿದು ಬಂದು
ಸೂಜಿಯನ್ನೇ ನೋಡಿದಳು.
"ಇದು ಇನ್ನೂ ಐತೇನು ನಿನ್ನ ಹತ್ರ?
ನಂದೊಂದು ರೇಷ್ಮಿ ತುಂಡು ಬಿದ್ದೈತಿ, ನಾಕು ವರ್ಷ ಆತು."

ತಾ ಅಂದೆ.
ಮೊದಲು ಈ ಪೆಟ್ರೋಲ್ ವಾಸನಿ ಹೋಗಲಿ.